ದಸರಾ ರಜೆಗೆ ಮಾಸಾಯಿ ಮಾರಾ: ತಾರೀಕು ಹೊಂದಿಸೋಕೆ ಪಟ್ಟ ಪಾಡು

ಮನೆಗೆ ಬಂದು ಮೂರು ದಿನ ಆಯ್ತು, ಶೂ ಕೊಡವಿದ್ರೆ ಇನ್ನೂ ಕೀನ್ಯಾದ ಮಾಸಾಯಿ ಮಾರಾ ವನ್ಯಧಾಮದ ಧೂಳು ಉದುರ್ತಾ ಇದೆ. ಹುಲ್ಲು ಹುಡುಕ್ಕೊಂಡು ಲಕ್ಷಗಟ್ಟಲೆ ಪ್ರಾಣಿಗಳು ವಲಸೆ ಹೋಗೋದನ್ನ, ಅಂದ್ರೆ ಮೈಗ್ರೇಶನ್ ನೋಡೋಕೆ ಹೋಗಿದ್ವಿ. ಮರೆಯೋಕೆ ಮುಂಚೆ ಬರೆದಿಟ್ಬಿಡೋಣ ಅಂತ ಕೂತಿದೀನಿ. ಹೋಗೋಕೆ ಮುಂಚೆ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲಾ ಬರೀ ಫೋಟೋ, ವಿಡಿಯೋ, "ಸೂಪರ್ ಗುರು" ಅನ್ನೋ ಮಾತುಗಳೇ. ಯಾವಾಗ ಹೋಗ್ಬೇಕು, ಎಷ್ಟು ದಿನ ಇರ್ಬೇಕು, ಅರವತ್ತು ದಾಟಿದ ಅಮ್ಮನ್ನ ಕರ್ಕೊಂಡು ಹೋಗ್ಬೋದಾ, ಇದನ್ನೆಲ್ಲಾ ಕನ್ನಡದಲ್ಲಿ ಹೇಳೋರು ಸಿಗ್ಲಿಲ್ಲ.

ಹೋಗಿದ್ದು ನಾವು ಮೂರು ಜನ. ನಾನು, ಹೈಸ್ಕೂಲ್ ಟೀಚರ್ ಆಗಿರೋ ನನ್ನ ಹೆಂಡತಿ, ಮತ್ತೆ ನಮ್ಮಮ್ಮ, ವಯಸ್ಸು 64. ಅಮ್ಮನ ತವರು ಅಜ್ಜಂಪುರದ ಹತ್ರ ಒಂದು ಹಳ್ಳಿ, ಊರ ಪಕ್ಕದಲ್ಲೇ ಅಮೃತ್ ಮಹಲ್ ಕಾವಲು, ಅಂದ್ರೆ ಆ ತಳಿ ದನಗಳು ಮೇಯೋ ಹುಲ್ಲುಗಾವಲು. ಇದನ್ನ ಯಾಕೆ ಹೇಳ್ತಿದೀನಿ ಅಂತ ಆಮೇಲೆ ಗೊತ್ತಾಗುತ್ತೆ.

ಶುರುವಾಗಿದ್ದು ಜನವರಿಲಿ. ಹೆಂಡತಿಗೆ ರಜೆ ಸಿಗೋದು ವರ್ಷಕ್ಕೆ ಎರಡೇ ಸಲ, ಏಪ್ರಿಲ್-ಮೇ ಬೇಸಿಗೆ ರಜೆ, ಇಲ್ಲಾಂದ್ರೆ ದಸರಾ. ಬೆಂಗಳೂರಿನ ಒಬ್ಬ ಏಜೆಂಟ್ ಹತ್ರ ಹೋದ್ವಿ, ಅವನು ತಕ್ಷಣ "ಮೇ ತಿಂಗಳು ಹಾಕ್ಬಿಡಿ ಸಾರ್, ಮೈಗ್ರೇಶನ್ ಸ್ಪೆಷಲ್ ಇದೆ, ತಲೆಗೆ ಅರವತ್ತು ಸಾವಿರ ಕಮ್ಮಿ ಬೀಳುತ್ತೆ" ಅಂದ. ನಾನು ಅಡ್ವಾನ್ಸ್ ಕಟ್ಟೋಕೆ ಫೋನ್ ತೆಗೆದಿದ್ದೆ ಕೂಡ. ಯಾಕೋ ಒಂದು ದಿನ ಟೈಮ್ ಕೊಡಿ ಅಂತ ಹೇಳಿ ಮನೆಗೆ ಬಂದೆ, ರಾತ್ರಿ ಕೂತು ಓದಿದೆ, ಎದೆ ಧಸಕ್ ಅಂತು.

ವಿಷಯ ಏನಂದ್ರೆ, ಮೈಗ್ರೇಶನ್ ಅನ್ನೋದು ಜುಲೈಲಿ ಶುರುವಾಗಿ ಅಕ್ಟೋಬರಲ್ಲಿ ಮುಗಿಯೋ ಜಾತ್ರೆ ಅಂತ ನಾನು ಅಂದ್ಕೊಂಡಿದ್ದೆ. ಹಾಗಲ್ಲ, ಈ ಪ್ರಾಣಿಗಳು ವರ್ಷಪೂರ್ತಿ ನಡೀತಾನೇ ಇರ್ತವೆ, ಹದಿಮೂರು ಲಕ್ಷದಷ್ಟು ಕಾಡುದನದಂಥ ವೈಲ್ಡ್‌ಬೀಸ್ಟು, ಜೊತೆಗೆ ಎರಡು ಲಕ್ಷ ಝೀಬ್ರಾ, ಇನ್ನು ಜಿಂಕೆ ತರದ ಗೆಜೆಲ್‌ಗಳು ಬೇರೆ ಲಕ್ಷಗಟ್ಟಲೆ, ಎಲ್ಲಾ ಸೇರಿ ಗಡಿಯಾರದ ಮುಳ್ಳಿನ ತರ ಸುತ್ತು ಹೊಡೀತವೆ. ಜನವರಿಯಿಂದ ಮಾರ್ಚ್ ತನಕ ತಾಂಜಾನಿಯಾದಲ್ಲಿ, ಸೆರೆಂಗೆಟಿ ಅನ್ನೋ ಹುಲ್ಲುಗಾವಲಿನ ದಕ್ಷಿಣಕ್ಕೆ ಎನ್‌ಡುಟು ಅನ್ನೋ ಕಡೆ. ಅಲ್ಲಿ ಜ್ವಾಲಾಮುಖಿ ಬೂದಿಯ ಮಣ್ಣು, ಹುಲ್ಲು ಗಿಡ್ಡ ಆದ್ರೆ ಸತ್ವ ಜಾಸ್ತಿ, ಹಾಲು ಕುಡಿಸೋ ತಾಯಿಗಳಿಗೆ ಬೇಕಾದ್ದೆಲ್ಲ ಅದರಲ್ಲಿರುತ್ತೆ, ಹಾಗಾಗಿ ಕರು ಹಾಕೋದು ಅಲ್ಲೇ. ಫೆಬ್ರವರಿಲಿ ಎರಡು ಮೂರು ವಾರದ ಒಳಗೇ ಬಹುಪಾಲು ಕರುಗಳು ಹುಟ್ಟಿಬಿಡ್ತವೆ. ಏಪ್ರಿಲ್-ಮೇ ದೊಡ್ಡ ಮಳೆ, ಹಿಂಡು ವಾಯುವ್ಯಕ್ಕೆ ಹೊರಡುತ್ತೆ, ಮೇ ಕೊನೆ, ಜೂನ್ ಅಷ್ಟೊತ್ತಿಗೆ ಗ್ರುಮೇಟಿ ನದಿ ಕಡೆ. ಜುಲೈಯಿಂದ ಅಕ್ಟೋಬರ್ ತನಕ ಉತ್ತರ ಸೆರೆಂಗೆಟಿ ಮತ್ತೆ ಕೀನ್ಯಾದ ಮಾಸಾಯಿ ಮಾರಾ, ನಡುವೆ ಮಾರಾ ನದಿ. ನವೆಂಬರಲ್ಲಿ ಸಣ್ಣ ಮಳೆ ಬಿದ್ದ ಹಾಗೆ ಮತ್ತೆ ದಕ್ಷಿಣಕ್ಕೆ.

ಅಂದ್ರೆ ಮೇ ತಿಂಗಳಲ್ಲಿ ಮಾರಾಗೆ ಹೋದ್ರೆ ಸಿಂಹ ಸಿಗುತ್ತೆ, ಆನೆ ಸಿಗುತ್ತೆ, ಕೆಸರೂ ಸಿಗುತ್ತೆ, ಆ ದೊಡ್ಡ ಹಿಂಡು ಮಾತ್ರ ಗಡಿಯಾಚೆ ಇರುತ್ತೆ. ಅರವತ್ತು ಸಾವಿರ ಯಾಕೆ ಕಮ್ಮಿ ಅಂತ ಆವಾಗ ಅರ್ಥ ಆಯ್ತು. ಏಜೆಂಟಿಗೆ ಮಾರನೇ ದಿನ ಫೋನ್ ಮಾಡಿ ಕೇಳಿದ್ರೆ "ಅಲ್ಲೆಲ್ಲಾ ಹಂಗೆ ಫಿಕ್ಸ್ ಇರಲ್ಲ ಸಾರ್" ಅಂದ. ಫಿಕ್ಸ್ ಇರಲ್ಲ ನಿಜ, ಆದ್ರೆ ಅಷ್ಟೂ ಫಿಕ್ಸ್ ಇಲ್ದೇ ಇರಲ್ಲ. ಬೇರೆ ಏಜೆಂಟ್ ಹುಡುಕಿದೆ. ಅವರಲ್ಲೂ ಒಬ್ಬರು "ಕ್ರಾಸಿಂಗ್ ಗ್ಯಾರಂಟಿ", ಅಂದ್ರೆ ಹಿಂಡು ನದಿ ದಾಟೋದನ್ನ ಖಂಡಿತ ತೋರಿಸ್ತೀವಿ ಅಂತ ಈಮೇಲಲ್ಲಿ ಬರೆದಿದ್ರು, ಅದನ್ನ ನೋಡಿದ ತಕ್ಷಣ ಅವರನ್ನೂ ಬಿಟ್ಟೆ. ಗ್ಯಾರಂಟಿ ಅಂದೋರ ಹತ್ರ ದುಡ್ಡು ಕಟ್ಬೇಡಿ.

ಉಳಿದಿದ್ದು ದಸರಾ. ಸೆಪ್ಟೆಂಬರ್ ಕೊನೆ ವಾರ, ಹಿಂಡು ಇನ್ನೂ ಮಾರಾ ಕಡೆ ಇರೋ ಟೈಮು. ಇದಕ್ಕೂ ನಮ್ಮನೆಲಿ ಎರಡು ಕಟ್ಟು ಬಿತ್ತು. 2025ರ ಸೆಪ್ಟೆಂಬರ್ 21 ಮಹಾಲಯ ಅಮಾವಾಸ್ಯೆ, ಅಪ್ಪನ ಎಡೆ ಇಡದೆ ಅಮ್ಮ ಹೊಸಿಲು ದಾಟಲ್ಲ. ಅಕ್ಟೋಬರ್ 1 ಆಯುಧ ಪೂಜೆ, ಅಷ್ಟೊತ್ತಿಗೆ ವಾಪಸ್ ಬರ್ಲೇಬೇಕು. ಹಾಗಾಗಿ 23ಕ್ಕೆ ಹೊರಟು 1ಕ್ಕೆ ಬೆಳಗ್ಗೆ ಮನೆ ಅಂತ ಆಯ್ತು.

ನಾನು ರಾತ್ರಿ ಎಲ್ಲಾ ಕೂತು ಹಿಂದಿನ ವರ್ಷಗಳಲ್ಲಿ ಯಾವ ದಿನ ನದಿ ದಾಟಿದ್ವು ಅಂತ ತಾರೀಕು ಪಟ್ಟಿ ಮಾಡ್ತಿದ್ದೆ, ಎಕ್ಸೆಲ್ ಶೀಟು, ಬಣ್ಣ ಬೇರೆ. ಅಮ್ಮ ಹಿಂದೆ ನಿಂತು ನೋಡಿ ಏನೋ ಇದು ಅಂತ ಕೇಳಿದ್ರು, ವಿವರಿಸಿದೆ. "ನಮ್ಮ ಕಾವಲಿನ ದನಾನೂ ಹಂಗೇ ಕಣೋ, ಬೇಸಿಗೆ ಕಾವಲೇ ಬೇರೆ, ಮಳೆಗಾಲದ್ದೇ ಬೇರೆ. ಇಂಥ ದಿನ ಹೊಡೀತೀವಿ ಅಂತ ಯಾರು ಬರ್ದಿಟ್ಕೊಂಡಿದ್ರು? ಹುಲ್ಲು ಮುಗೀತು, ಹೊಡಕೊಂಡು ಹೋದ್ರು" ಅಂದ್ರು. ಆಮೇಲೆ "ಒಂದೆರಡು ದಿನ ಹೆಚ್ಚಿಗೆ ಇದ್ರಾಯ್ತಪ್ಪ" ಅಂತ ಸೇರಿಸಿ ಮಲಗೋಕೆ ಹೋದ್ರು. ನನ್ನ ಎಕ್ಸೆಲ್ ಶೀಟಿಗಿಂತ ಆ ಒಂದು ಮಾತು ಕೆಲಸಕ್ಕೆ ಬಂತು. ಕಬಿನಿಗೆ ಬೇಸಿಗೇಲಿ ಹಿನ್ನೀರು ಇಳಿದಾಗ ಹೋದ್ರೆ ಆನೆ ಹಿಂಡು ಕಾಣುತ್ತೆ ಅಂತ ನಾವು ಧೈರ್ಯವಾಗಿ ಹೇಳ್ತೀವಲ್ಲ, ಅಲ್ಲಿ ನೀರು ಒಂದು ಕಡೆ ನಿಂತಿರುತ್ತೆ. ಇಲ್ಲಿ ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ಓಡ್ತವೆ, ಇವತ್ತು ದಾಟಿದ ಹಿಂಡು ನಾಳಿದ್ದು ಅದೇ ನದಿ ವಾಪಸ್ ದಾಟಿದ್ರೂ ಆಶ್ಚರ್ಯ ಇಲ್ಲ.

ಏಜೆಂಟ್ ಕೊಟ್ಟ ಪ್ಲಾನಲ್ಲಿ ಮಾರಾ ಎರಡು ರಾತ್ರಿ, ನಕುರು ಒಂದು, ಅಂಬೋಸೆಲಿ ಎರಡು ಇತ್ತು, ಇವೆರಡೂ ಕೀನ್ಯಾದ ಬೇರೆ ಪಾರ್ಕುಗಳು. ನಾವು ನಕುರು, ಅಂಬೋಸೆಲಿ ಎರಡನ್ನೂ ಕಿತ್ತು ಹಾಕಿ ಮಾರಾದಲ್ಲೇ ನಾಲ್ಕು ರಾತ್ರಿ ಮಾಡಿಸಿದ್ವಿ. ಫ್ಲೆಮಿಂಗೋ ಹೋಯ್ತು, ಕಿಲಿಮಂಜಾರೋ ಮುಂದೆ ಆನೆ ಫೋಟೋ ಹೋಯ್ತು, ಹೆಂಡತಿಗೆ ಅದೊಂದು ಬೇಜಾರು ಇವತ್ತಿಗೂ ಇದೆ. ತಾಂಜಾನಿಯಾ ಕಡೆಯಿಂದ, ಕೊಗಟೆಂಡೆ ಅನ್ನೋ ಜಾಗದಿಂದಾನೂ ಇದೇ ನದಿ ಇದೇ ಟೈಮಲ್ಲಿ ನೋಡ್ಬೋದು, ಆದ್ರೆ ಅಲ್ಲಿಗೆ ಸಣ್ಣ ವಿಮಾನದಲ್ಲಿ ಹೋಗೋ ಖರ್ಚು ನಮ್ಮ ಕೈಗೆ ಎಟುಕ್ಲಿಲ್ಲ. ಮಾರಾ ಆದ್ರೆ ನೈರೋಬಿಯಿಂದ ರಸ್ತೇಲೇ ಐದಾರು ಗಂಟೆ.

ಇನ್ನು ಹಳದಿ ಜ್ವರದ ಇಂಜೆಕ್ಷನ್. ಇದನ್ನ ಕೊನೆಗೆ ಇಟ್ಕೋಬೇಡಿ. ಕೀನ್ಯಾದಿಂದ ಇಂಡಿಯಾಗೆ ವಾಪಸ್ ಬರುವಾಗ ಈ ಇಂಜೆಕ್ಷನ್ ಆಗಿರೋದಕ್ಕೆ ಕೊಡೋ ಸರ್ಟಿಫಿಕೇಟ್, ಅಂದ್ರೆ ಹಳದಿ ಕಾರ್ಡ್ ಇಲ್ಲಾಂದ್ರೆ ಆರು ದಿನದ ತನಕ ಕ್ವಾರಂಟೈನ್ ಮಾಡ್ಬೋದು, ಇಲ್ಲಿ ಅದರಲ್ಲಿ ಮುಲಾಜಿಲ್ಲ. ಸರ್ಟಿಫಿಕೇಟ್ ನಡೆಯೋದು ಚುಚ್ಚಿಸ್ಕೊಂಡು ಹತ್ತು ದಿನ ಆದ್ಮೇಲೆ, ಒಂದ್ಸಲ ಹಾಕಿಸ್ಕೊಂಡ್ರೆ ಜೀವಮಾನ ಪೂರ್ತಿ ನಡೆಯುತ್ತೆ. ಎಲ್ಲಾ ಆಸ್ಪತ್ರೆಲೂ ಹಾಕಲ್ಲ, ಸರ್ಕಾರ ಗುರುತಿಸಿರೋ ಕೇಂದ್ರಗಳಲ್ಲಿ ಮಾತ್ರ, ಒರಿಜಿನಲ್ ಪಾಸ್‌ಪೋರ್ಟ್ ತಗೊಂಡು ಹೋಗ್ಬೇಕು. ನಾವು ಮೊದಲನೇ ಸಲ ಹೋದಾಗ ಜೆರಾಕ್ಸ್ ತಗೊಂಡು ಹೋಗಿದ್ವಿ, ವಾಪಸ್ ಕಳಿಸಿದ್ರು. ಎರಡನೇ ಸಲ ಹೋದಾಗ ಇನ್ನೊಂದು ವಿಷಯ ಗೊತ್ತಾಯ್ತು, ಒಂದು ಬಾಟ್ಲಿ ಒಡೆದ್ರೆ ಅದರಲ್ಲಿ ಹಲವು ಜನಕ್ಕೆ ಆಗೋ ಔಷಧಿ, ಒಡೆದ ಮೇಲೆ ಸ್ವಲ್ಪ ಗಂಟೆಲೇ ಮುಗಿಸ್ಬೇಕು, ಹಾಗಾಗಿ ಜನ ಸೇರೋ ತನಕ ಕಾಯಿಸ್ತಾರೆ. ಹಡಗಿನ ಕೆಲಸಕ್ಕೆ ಹೋಗೋ ಹುಡುಗರು, ಘಾನಾಕ್ಕೆ ಹೊರಟಿರೋ ಒಬ್ಬ ಇಂಜಿನಿಯರ್, ನಾವು ಮೂರು ಜನ, ಬೆಂಚಿನ ಮೇಲೆ ಎರಡು ಮುಕ್ಕಾಲು ಗಂಟೆ.

ಅಷ್ಟು ಕಾದ ಮೇಲೆ ಅಮ್ಮನ ಸರದಿ ಬಂದಾಗ ಡಾಕ್ಟರ್ ಪಾಸ್‌ಪೋರ್ಟ್ ನೋಡಿ ತಲೆ ಎತ್ತಿ "ಅರವತ್ನಾಲ್ಕಾ? ಇವರಿಗೆ ನೋಡುವ ಡಾಕ್ಟರಿಂದ ಲೆಟರ್ ಬೇಕು" ಅಂದ್ರು. ಅರವತ್ತು ದಾಟಿದೋರಿಗೆ ಈ ಇಂಜೆಕ್ಷನಲ್ಲಿ ಅಪಾಯ ಸ್ವಲ್ಪ ಜಾಸ್ತಿ ಅಂತೆ, ನನಗೆ ಗೊತ್ತೇ ಇರ್ಲಿಲ್ಲ. ಟಿಕೆಟ್ ಆಗಿದೆ, ಅಡ್ವಾನ್ಸ್ ಕಟ್ಟಿದೆ. ನಮ್ಮ ಫ್ಯಾಮಿಲಿ ಡಾಕ್ಟರ್ ಹತ್ರ ಹೋದ್ವಿ, ಅವರು ಶುಗರ್, ಹಳೇ ಕಾಯಿಲೆ, ತಗೋತಿರೋ ಮಾತ್ರೆ ಎಲ್ಲಾ ನೋಡಿ, ಅಮ್ಮಂಗೆ ನೇರವಾಗಿ ಬಿಡಿಸಿ ಹೇಳಿದ್ರು, ರಿಸ್ಕ್ ಕಮ್ಮಿ ಆದ್ರೆ ಸೊನ್ನೆ ಅಲ್ಲ, ನೀವೇ ಯೋಚನೆ ಮಾಡಿ ಅಂತ. ಆ ರಾತ್ರಿ ನನಗೆ ನಿದ್ದೆ ಇಲ್ಲ. ಕಾಡುದನ ನೋಡೋಕೆ ಅಂತ ಅಮ್ಮಂಗೆ ಏನಾದ್ರೂ ಮಾಡ್ಬಿಟ್ರೆ ಅನ್ನೋ ಯೋಚನೆ. ಬೆಳಗ್ಗೆ ಅಮ್ಮ ಸೀರೆ ಉಟ್ಟು ರೆಡಿಯಾಗಿ ಕೂತಿದ್ರು. ಇಂಜೆಕ್ಷನ್ ಆದ್ಮೇಲೆ ಅಮ್ಮಂಗೆ ಏನೂ ಆಗ್ಲಿಲ್ಲ, ಎರಡು ದಿನ ಮೈ ಕೈ ನೋವು ಜ್ವರ ಅಂತ ಮಲಗಿದ್ದು ನನ್ನ ಹೆಂಡತಿ. ನಿಮ್ಮ ಮನೆಲಿ ಅರವತ್ತು ದಾಟಿದೋರು ಇದ್ರೆ ಟಿಕೆಟ್ ಬುಕ್ ಮಾಡೋಕೆ ಮುಂಚೆ ಡಾಕ್ಟರ್ ಹತ್ರ ಹೋಗಿ. ಮೊಟ್ಟೆ ಅಲರ್ಜಿ ಇರೋರೂ ಅಷ್ಟೇ, ಮೊದಲೇ ಹೇಳ್ಬೇಕು.

ವೀಸಾ ಅಂತ ಈಗ ಕೀನ್ಯಾಕ್ಕೆ ಇಲ್ಲ, 2024ರ ಜನವರಿಯಿಂದ ಅದರ ಬದಲು ಇಟಿಎ ಅಂತ ಪ್ರಯಾಣದ ಅನುಮತಿ ಆನ್‌ಲೈನಲ್ಲೇ ತಗೋಬೇಕು, ತಲೆಗೆ 30 ಡಾಲರ್ ಚಿಲ್ರೆ. ಗೂಗಲಲ್ಲಿ ಹುಡುಕಿದ್ರೆ ಮೊದಲು ಬರೋದೆಲ್ಲಾ ಸರ್ಕಾರದ ಸೈಟ್ ತರಾನೇ ಕಾಣೋ ಬೇರೆ ಸೈಟುಗಳು, ಎರಡು ಮೂರು ಪಟ್ಟು ದುಡ್ಡು ಕೇಳ್ತವೆ, ವಿಳಾಸದ ಕೊನೇಲಿ ಗೋ ಡಾಟ್ ಕೆಇ ಇದೆಯಾ ಅಂತ ನೋಡ್ಕೊಳ್ಳಿ. ನಮ್ಮ ಕಷ್ಟ ಬಂದಿದ್ದು ಅಮ್ಮನ ಹೆಸರಲ್ಲಿ. ನಮ್ಮ ಕಡೆ ಎಷ್ಟೋ ಜನರ ಹಾಗೆ ಅಮ್ಮನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಒಂದೇ. ಫಾರಮ್ಮು ಆ ಜಾಗ ತುಂಬದೆ ಮುಂದಕ್ಕೇ ಹೋಗಲ್ಲ. ಎರಡೂ ಕಡೆ ಅದೇ ಹೆಸರು ಹಾಕಿ ಕಳಿಸಿದೆ, ದೇವರ ಮೇಲೆ ಭಾರ. ನಂದು ಹೆಂಡತಿದು ಎರಡು ದಿನಕ್ಕೆ ಬಂತು, ಅಮ್ಮಂದು ಆರು ದಿನ ಆದ್ರೂ ಪೆಂಡಿಂಗ್ ಪೆಂಡಿಂಗ್, ದಿನಕ್ಕೆ ಹತ್ತು ಸಲ ನೋಡ್ತಿದ್ದೆ, ಏಳನೇ ದಿನ ಬೆಳಗ್ಗೆ ಅಪ್ರೂವ್ ಆಗಿತ್ತು. ನಾನು ಮಾಡಿದ್ದೇ ಸರಿ ಅಂತ ಅಲ್ಲ, ಏರ್‌ಲೈನ್ ಟಿಕೆಟಲ್ಲಿ ಹೆಸರು ಹೇಗಿದೆಯೋ ಅದಕ್ಕೆ ಹೊಂದೋ ಹಾಗೆ ನೋಡ್ಕೊಳ್ಳಿ, ಟೈಮ್ ಇಟ್ಕೊಂಡು ಹಾಕಿ.

ಪ್ಯಾಕಿಂಗಲ್ಲಿ ಒಂದು ಮಾತು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧ, ಪಾರ್ಕುಗಳ ಒಳಗೆ ಒಂದ್ಸಲ ಬಳಸಿ ಬಿಸಾಕೋ ಪ್ಲಾಸ್ಟಿಕ್ ಬಾಟ್ಲಿ ಕೂಡ ಇಲ್ಲ. ನಮ್ಮಮ್ಮ ಚಟ್ನಿಪುಡಿ, ಕೋಡುಬಳೆ, ಒಗ್ಗರಣೆ ಹಾಕಿದ ಅವಲಕ್ಕಿ ಎಲ್ಲಾ ಕವರಿಗೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಸಾಲಾಗಿ ಜೋಡಿಸಿದ್ರು. ಹೊರಡೋ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಅದನ್ನೆಲ್ಲಾ ಸ್ಟೀಲ್ ಡಬ್ಬಿಗೆ ಸುರಿದು ಹಳೇ ಪಂಚೆ ಹರಿದು ಕಟ್ಟಿದ್ದಾಯ್ತು. ಡಾಲರ್ ನೋಟು ತಗೊಳ್ಳುವಾಗ ಹೊಸ ನೋಟೇ ಕೇಳಿ, ಹಳೇ ವರ್ಷದ ನೋಟು ಅಲ್ಲಿ ಬಹಳ ಕಡೆ ಮುಟ್ಟಲ್ಲ, ನನ್ನ ಒಂದು ನೂರರ ನೋಟು 2003ರದ್ದು, ಹೋಗಿ ಹಾಗೇ ವಾಪಸ್ ಬಂತು.

ಮುಂಬೈ ಮೇಲೆ ನೈರೋಬಿ, ಆರು ಗಂಟೆ ಹಾರಾಟ, ಅಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಒಂದು ದಿನ ನೈರೋಬಿಲಿ ಸುಮ್ನೆ ಮಲಗಿದ್ವಿ, ಅಮ್ಮಂಗೋಸ್ಕರ. 25ಕ್ಕೆ ಬೆಳಗ್ಗೆ ಲ್ಯಾಂಡ್ ಕ್ರೂಸರ್ ಬಂತು. ಡ್ರೈವರೇ ಗೈಡು, ಐವತ್ತರ ಹತ್ರ ವಯಸ್ಸು, ತುಂಬಾ ನಿಧಾನಸ್ಥ. ಬಂದವರೇ ಅಮ್ಮಂಗೆ ಕೈ ಮುಗಿದು "ಕರಿಬು ಮಾಮಾ" ಅಂದ್ರು. ಅಮ್ಮ ನನ್ನ ಕಡೆ ತಿರುಗಿ "ನಾನ್ಯಾಕೋ ಇವನಿಗೆ ಮಾಮ?" ಸ್ವಾಹಿಲಿಲಿ ಮಾಮಾ ಅಂದ್ರೆ ಅಮ್ಮ ಅಂತ ಹೇಳಿದ್ಮೇಲೆ ಖುಷಿಯಾದ್ರು, ಆಮೇಲೆ ಐದು ದಿನ ಅವರಿಬ್ಬರೂ ಮಾತಾಡಿದ್ದೇ ಮಾತಾಡಿದ್ದು, ಇವರು ಕನ್ನಡ, ಅವರು ಸ್ವಾಹಿಲಿ.

ರಿಫ್ಟ್ ವ್ಯಾಲಿ ಇಳಿದು, ಮಾಯ್ ಮಹಿಯು, ನಾರೊಕ್, ಅಲ್ಲಿಂದ ಮಾರಾದ ಸೆಕೆನಾನಿ ಗೇಟ್ ತನಕ ಟಾರು ರಸ್ತೆ. ಎಟಿಎಂ, ಪೆಟ್ರೋಲು, ಮೆಡಿಕಲ್ ಎಲ್ಲಾ ನಾರೊಕ್ ಊರಲ್ಲೇ ಮುಗಿಸ್ಕೊಳ್ಳಿ, ಮುಂದೆ ನಂಬ್ಕೋಬೇಡಿ. ನಮ್ಮ ಕ್ಯಾಂಪ್ ರಿಸರ್ವಿನ ಹೊರಗೆ, ಇದು ದುಡ್ಡು ಉಳಿಸೋ ಲೆಕ್ಕ. ಮಾರಾ ಟಿಕೆಟ್ ಜುಲೈಯಿಂದ ಡಿಸೆಂಬರ್ ತನಕ ವಿದೇಶಿಗರಿಗೆ ದಿನಕ್ಕೆ 200 ಡಾಲರ್, ಉಳಿದ ಆರು ತಿಂಗಳು 100. ಅದೂ ದಿನ ಅಂದ್ರೆ 24 ಗಂಟೆ ಅಲ್ಲ, ಬೆಳಗ್ಗೆ ಆರರಿಂದ ಸಂಜೆ ಆರು. ಹೋದ ದಿನ ಮಧ್ಯಾಹ್ನ ಗೇಟ್ ಒಳಗೆ ಹೋಗಿದ್ರೆ ಎರಡು ಮೂರು ಗಂಟೆಗೋಸ್ಕರ ಮೂರು ಜನಕ್ಕೆ 600 ಡಾಲರ್ ಹೋಗ್ತಿತ್ತು. ಅದರ ಬದಲು ಕ್ಯಾಂಪಲ್ಲಿ ಕೂತು ಚಹಾ ಕುಡಿದ್ವಿ. ರಾತ್ರಿ ಊಟಕ್ಕೆ ಉಗಾಲಿ, ಸುಕುಮಾ ವಿಕಿ ಸೊಪ್ಪು. ಉಗಾಲಿ ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಅಮ್ಮ ಚಟ್ನಿಪುಡಿ ಕಲಸಿ ಎರಡು ಮುದ್ದೆ ಹೊಡೆದ್ರು. ಮುರಿಯೋದು ಬಿಟ್ಟು ನುಂಗೋದನ್ನ ಅಡುಗೆಯವರಿಗೂ ತೋರಿಸಿಕೊಟ್ರು.

ಮೊದಲನೇ ದಿನ. ಬೆಳಗ್ಗೆ ಆರಕ್ಕೆಲ್ಲಾ ಗೇಟಲ್ಲಿ, ಚಳಿ ಅಂದ್ರೆ ಚಳಿ, ಆಫ್ರಿಕಾ ಅಂತ ಬರೀ ಟೀಶರ್ಟ್ ತರಬೇಡಿ, ಸ್ವೆಟರ್ ಬೇಕೇ ಬೇಕು. ವೈಲ್ಡ್‌ಬೀಸ್ಟ್ ಮೊದಲು ಕಂಡಾಗ ಅಮ್ಮ ಹೇಳಿದ್ದು: ಮೈ ಎಮ್ಮೆದು, ಬಾಲ ಕುದುರೆದು, ಗಡ್ಡ ಮೇಕೆದು, ಬುದ್ಧಿ ಯಾರ್ದೋ ಗೊತ್ತಿಲ್ಲ. ಸದ್ದು ಮಾತ್ರ ನಮ್ಮ ಕಡೆ ಮೊದಲ ಮಳೆ ಬಿದ್ದ ರಾತ್ರಿ ಕೆರೆ ಅಂಗಳದ ಕಪ್ಪೆಗಳ ತರ, ಸಾವಿರಾರು ಗಂಟಲು ಒಟ್ಟಿಗೆ, ನಿಲ್ಲೋದೇ ಇಲ್ಲ. ನದಿ ದಡಕ್ಕೆ ಎಂಟು ಗಂಟೆಗೆ ಬಂದ್ವಿ, ನಮಗಿಂತ ಮುಂಚೆ ಮೂವತ್ತು ಗಾಡಿ. ದಡದ ಮೇಲೆ ಮೂರು ನಾಲ್ಕು ಸಾವಿರ ಪ್ರಾಣಿ, ಕೆಳಗೆ ಮರದ ದಿಮ್ಮಿ ತರ ಮೊಸಳೆ, ಗಾಳಿ ತಿರುಗಿದಾಗ ಕೊಳೆತ ವಾಸನೆ. ಈ ನದಿಲಿ ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಜಾಸ್ತಿ ವೈಲ್ಡ್‌ಬೀಸ್ಟ್ ಮುಳುಗಿ ಸಾಯ್ತವೆ ಅಂತ ಲೆಕ್ಕ ಹಾಕಿದಾರೆ, ಮೊಸಳೆ ಬಾಯಿಗೆ ಬೀಳೋದಕ್ಕಿಂತ ನೂಕುನುಗ್ಗಲಲ್ಲಿ ಸಾಯೋದೇ ಹೆಚ್ಚು. ರಣಹದ್ದುಗಳು ಕಲ್ಲಿನ ಮೇಲೆ ಊಟದ ಪಂಕ್ತಿಗೆ ಕೂತ ಹಾಗೆ ಕೂತಿದ್ವು. ನಾವೂ ಕೂತ್ವಿ. ಒಂಬತ್ತು, ಹತ್ತು, ಹನ್ನೊಂದು. ಮುಂದಿನ ಪ್ರಾಣಿ ನೀರಿನ ಅಂಚಿಗೆ ಬರುತ್ತೆ, ಮೂಸುತ್ತೆ, ಹಿಂದೆ ತಿರುಗುತ್ತೆ, ಹಿಂದಿಂದೂ ತಿರುಗುತ್ತೆ. ಒಂದೂವರೆಗೆ ಎಲ್ಲಾ ಮರದ ನೆರಳಿಗೆ ಹೋಗಿ ಮಲಗಿಬಿಟ್ವು. ಗೈಡ್ ನಕ್ಕೊಂಡು "ಕೆಶೋ" ಅಂದ್ರು, ಅಂದ್ರೆ ನಾಳೆ.

ಎರಡನೇ ದಿನದ್ದು ಬರೆಯೋಕೆ ಸ್ವಲ್ಪ ನಾಚಿಕೆ. ಮತ್ತೆ ಅದೇ ದಡ, ಹನ್ನೊಂದರ ಹೊತ್ತಿಗೆ ಹಿಂಡು ದಬದಬ ಅಂತ ಇಳಿದು ಬಂತು, ಒಂದು ಝೀಬ್ರಾ ಮೊಣಕಾಲು ತನಕ ನೀರಿಗೆ ಇಳೀತು, ಎಲ್ಲರೂ ಉಸಿರು ಬಿಗಿ ಹಿಡಿದ್ವಿ, ಅಷ್ಟರಲ್ಲಿ ಹಿಪ್ಪೋ ಒಂದು ಭುಸ್ ಅಂತು, ಎಲ್ಲಾ ಓಟ, ಬರೀ ಧೂಳು. ಆಗ ಅಮ್ಮ ಮೆತ್ತಗೆ ಹೆಂಡತಿ ಕಿವಿಲಿ ಹೇಳಿದ್ರು, ಟಾಯ್ಲೆಟ್‌ಗೆ ಹೋಗ್ಬೇಕು. ನದಿ ಹತ್ರ ಗಾಡಿಯಿಂದ ಇಳಿಯೋ ಹಾಗಿಲ್ಲ, ಪೊದೆಲಿ ಸಿಂಹ ಇರ್ಬೋದು, ರೇಂಜರ್ ಪೋಸ್ಟ್ ಹತ್ರ ಇರೋ ಟಾಯ್ಲೆಟ್‌ಗೆ ಇಪ್ಪತ್ತೈದು ನಿಮಿಷ. ಹೋದ್ವಿ. ವಾಪಸ್ ಬರುವಾಗ ರೇಡಿಯೋಲಿ ಸ್ವಾಹಿಲಿ ಗಡಿಬಿಡಿ, "ನ್ಯುಂಬು, ನ್ಯುಂಬು" ಅಂತ, ಅಂದ್ರೆ ವೈಲ್ಡ್‌ಬೀಸ್ಟ್, ಗೈಡ್ ಮುಖ ನೋಡಿದ್ರೇ ಗೊತ್ತಾಯ್ತು. ಸ್ವಲ್ಪ ಮೇಲಿನ ಇನ್ನೊಂದು ಜಾಗದಲ್ಲಿ ದಾಟಿಬಿಟ್ಟಿದ್ವು, ನಾವು ಹೋಗೋ ಹೊತ್ತಿಗೆ ಒದ್ದೆ ಹೆಜ್ಜೆ ಗುರುತು ಮಾತ್ರ. ನಾನು ಏನೂ ಅನ್ಲಿಲ್ಲ, ನನ್ನ ಮುಖಾನೇ ಸಾಕಾಗಿತ್ತು. "ನನ್ನಿಂದ ತಪ್ಪೋಯ್ತಲ್ಲಪ್ಪ" ಅಂದ್ರು ಅಮ್ಮ. ಮಧ್ಯಾಹ್ನ ಪೂರ್ತಿ ನೀರು ಕುಡೀಲಿಲ್ಲ ಅವರು, ಅದು ನನಗೆ ಗೊತ್ತಾಗಿದ್ದು ರಾತ್ರಿ ಹೆಂಡತಿ ಬೈದಾಗ. ಸಂಜೆ ಐದಕ್ಕೆ ಸರಿಯಾಗಿ ಇನ್ನೊಂದು ಹಿಂಡು ಅಂಚಿಗೆ ಬಂದು ನಿಂತ್ಕೊಳ್ತು, ನಾವು ಆರರೊಳಗೆ ಗೇಟ್ ದಾಟ್ಬೇಕು, ಬಿಟ್ಟು ಹೊರಟ್ವಿ. ರಿಸರ್ವ್ ಒಳಗಿನ ಕ್ಯಾಂಪಲ್ಲಿ ಉಳಿದೋರು ಇನ್ನೂ ಸ್ವಲ್ಪ ಹೊತ್ತು ನಿಲ್ಬೋದಿತ್ತು. ಹೊರಗೆ ಉಳಿದು ದುಡ್ಡು ಉಳಿಸಿದ್ದರ ಬೆಲೆ ಅದು. ವಯಸ್ಸಾದೋರು ಜೊತೆಲಿದ್ರೆ ಬೆಳಗ್ಗೆನೇ ಗೈಡ್‌ಗೆ ಹೇಳಿ, ಎರಡು ಗಂಟೆಗೊಂದ್ಸಲ ನಾವು ಹೋಗ್ಬರ್ತೀವಿ, ಏನು ತಪ್ಪಿದ್ರೂ ಪರ್ವಾಗಿಲ್ಲ ಅಂತ. ಮೂರನೇ ದಿನ ನಾನು ಅದನ್ನೇ ಮಾಡಿದ್ದು.

ಮೂರನೇ ದಿನ ಕೊನೇದು. ಮೂಲ ಪ್ಲಾನ್ ಪ್ರಕಾರ ಹೋಗಿದ್ರೆ ಆ ಹೊತ್ತಿಗೆ ನಾವು ಅಂಬೋಸೆಲಿ ದಾರಿಲಿ ಇರ್ತಿದ್ವಿ. ಗೈಡ್ ಈ ಸಲ ದಡಕ್ಕೆ ಹೋಗ್ಲೇ ಇಲ್ಲ, ಅರ್ಧ ಕಿಲೋಮೀಟರ್ ದೂರ ದಿಬ್ಬದ ಮೇಲೆ ನಿಲ್ಸಿ ಎಂಜಿನ್ ಆಫ್ ಮಾಡಿದ್ರು. ಮೊದಲ ಪ್ರಾಣಿ ನೀರಿಗೆ ಬೀಳೋ ತನಕ ಹತ್ರ ಹೋಗ್ಬಾರ್ದು, ಹೋದ್ರೆ ಅವು ದಾಟಲ್ಲ ಅಂದ್ರು. ಕೋಡುಬಳೆ ತಿಂದ್ಕೊಂಡು ಕೂತಿದ್ವಿ. ಹತ್ತು ನಲವತ್ತಕ್ಕೆ ಒಂದು ಝೀಬ್ರಾ ಇಳೀತು, ಅದರ ಹಿಂದೆ ಇನ್ನೆರಡು, ಆಮೇಲೆ ದಡಾನೇ ಜಾರಿದ ಹಾಗೆ ಎಲ್ಲಾ ಒಟ್ಟಿಗೆ. ಗೈಡ್ "ಹಿಡ್ಕೊಳ್ಳಿ" ಅಂತ ಸನ್ನೆ ಮಾಡಿ ಗಾಡಿ ಓಡಿಸಿದ್ರು. ನಲವತ್ತು ಐವತ್ತು ಗಾಡಿ ಒಂದೇ ಸಲ ನುಗ್ತು, ಒಂದು ಗಾಡಿ ಅವು ಹತ್ತಿ ಬರೋ ದಾರಿಗೇ ಅಡ್ಡ ನಿಂತಿತ್ತು, ರೇಂಜರ್ ಕೂಗಾಡಿ ಹಿಂದಕ್ಕೆ ತೆಗೆಸಿದ್ರು. ಅದನ್ನ ನೋಡಿ ನಾವೂ ಈ ಗುಂಪಲ್ಲೇ ಇದೀವಲ್ಲ ಅಂತ ಅನ್ನಿಸ್ತು, ಸುಳ್ಳು ಹೇಳಲ್ಲ.

ಹದಿನಾಲ್ಕು ನಿಮಿಷ. ನಾನು ಕ್ಯಾಮೆರಾದಲ್ಲಿ ನೋಡಿದ್ದು ಅರ್ಧ ಧೂಳು, ಅರ್ಧ ಮುಂದಿನ ಗಾಡಿಯ ಟಾಪು. ಕೊನೆಗೆ ಕ್ಯಾಮೆರಾ ಸೀಟ್ ಮೇಲೆ ಬಿಸಾಕಿ ನಿಂತೆ. ನೀರಲ್ಲಿ ಬರೀ ಕೊಂಬು, ಬರೀ ಮೂಗು, ಒಂದರ ಬೆನ್ನ ಮೇಲೆ ಒಂದು ಹಾರ್ತಾ ಇದೆ, ಮೊಸಳೆ ಒಂದನ್ನ ಎಳ್ಕೊಳ್ತು, ಪಕ್ಕದ್ದು ಆ ಕಡೆ ನೋಡೂ ಇಲ್ಲ. ಹೆಂಡತಿ ಅಳ್ತಿದ್ಲು, ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ಲು. ಅಮ್ಮ ನದಿ ನೋಡ್ತಾನೇ ಇರ್ಲಿಲ್ಲ. ಈ ಕಡೆ ದಡದಲ್ಲಿ ಉಳಿದ ಏಳೆಂಟು ಪ್ರಾಣಿಲಿ ಒಂದು ಕರು ಇತ್ತು, ಏಳು ತಿಂಗಳದ್ದು ಇರ್ಬೇಕು, ಅತ್ತಿಂದಿತ್ತ ಓಡಾಡ್ಕೊಂಡು ಕೂಗ್ತಿತ್ತು. "ಅದರ ತಾಯಿ ಆ ಕಡೆ ಹೋಗೈತೆ" ಅಂದ್ರು. ಗಾಡಿಗಳೆಲ್ಲಾ ಹೋದ್ಮೇಲೂ ಅಮ್ಮ ಹೊರಡೋಕೆ ಬಿಡ್ಲಿಲ್ಲ, ಗೈಡ್ ಕೂಡ "ಮಾಮಾ ಹೇಳಿದ್ಮೇಲೆ ಮುಗೀತು" ಅನ್ನೋ ತರ ಸ್ಟೀರಿಂಗ್ ಮೇಲೆ ಕೈ ಇಟ್ಕೊಂಡು ಕೂತ್ರು. ಒಂದು ಗಂಟೆ ಮೇಲೆ ಆಯ್ತು. ಆ ಕಡೆಯಿಂದ ಒಂದೇ ಒಂದು ವೈಲ್ಡ್‌ಬೀಸ್ಟ್ ವಾಪಸ್ ಬಂದು ನೀರಿಗಿಳಿದು ಈಜ್ಕೊಂಡು ಈ ದಡ ಹತ್ತಿತು. ಅದೇ ತಾಯಿನಾ ನನಗೆ ಗೊತ್ತಿಲ್ಲ, ಅಷ್ಟೊತ್ತಿಗೆ ಕರು ಪೊದೆ ಹಿಂದೆ ಹೋಗಿತ್ತು. ಅಮ್ಮ ಮಾತ್ರ ಅದೇ ಅಂತ ಇವತ್ತಿಗೂ ವಾದ ಮಾಡ್ತಾರೆ.

ಖರ್ಚು ಕೇಳ್ತೀರ, ಹೇಳ್ಬಿಡ್ತೀನಿ, ಮೂರು ಜನಕ್ಕೆ. ವಿಮಾನ 1,26,000. ಮಾರಾ ಟಿಕೆಟ್ ಮೂರು ದಿನಕ್ಕೆ 1,800 ಡಾಲರ್, ನಾವು ಕಟ್ಟಿದ ರೇಟಲ್ಲಿ 1,58,000. ಗಾಡಿ, ಡ್ರೈವರ್, ಡೀಸೆಲ್ ಐದು ದಿನಕ್ಕೆ 1,10,000. ಕ್ಯಾಂಪ್ ನಾಲ್ಕು ರಾತ್ರಿ ಊಟ ಸೇರಿ 1,37,000. ನೈರೋಬಿ ಹೋಟೆಲ್ 22,000. ಇಟಿಎ, ಇಂಜೆಕ್ಷನ್, ಮಲೇರಿಯಾ ಮಾತ್ರೆ, ಇನ್ಶೂರೆನ್ಸ್ ಎಲ್ಲಾ ಸೇರಿ 18,000. ಟಿಪ್ಸು, ಚಿಲ್ಲರೆ ಖರ್ಚು 25,000. ಹತ್ರ ಹತ್ರ ಆರು ಲಕ್ಷ. ಇದಲ್ಲದೆ ಪ್ಯಾಕೇಜ್ ಮೇಲೆ 2025ರಲ್ಲಿದ್ದ 5% ಟಿಸಿಎಸ್, ಅಂದ್ರೆ ಮಾರೋರು ಮೊದಲೇ ಹಿಡಿಯೋ ತೆರಿಗೆ ಅಂತ 21,000 ಹಿಡ್ಕೊಂಡ್ರು, ಅದು ರಿಟರ್ನ್ ಫೈಲ್ ಮಾಡಿದಾಗ ಲೆಕ್ಕಕ್ಕೆ ಬರುತ್ತೆ, ಆದ್ರೆ ಆ ಹೊತ್ತಿಗೆ ಕೈಯಿಂದ ಹೋಗೋದಂತೂ ನಿಜ. ಬಲೂನಲ್ಲಿ ಹಾರೋಕೆ ತಲೆಗೆ ನಲವತ್ತು ಸಾವಿರ ಅಂದ್ರು, ಅಮ್ಮ ಕೇಳಿದ ತಕ್ಷಣ "ನೆಲದ ಮೇಲೇ ಚೆನ್ನಾಗೈತೆ" ಅಂದ್ರು, ನಾನು ಒಳಗೊಳಗೇ ಖುಷಿಪಟ್ಟೆ.

ವಾಪಸ್ ಬಂದಾಗ ಮುಂಬೈಲಿ ಹಳದಿ ಕಾರ್ಡ್ ಕೇಳಿದ್ರು. ನಂದು ಹೆಂಡತಿದು ಬ್ಯಾಗಲ್ಲಿ ಎಲ್ಲೋ ಸೇರಿತ್ತು, ಲೈನಲ್ಲಿ ನಿಂತು ಎಲ್ಲಾ ಕೆದರಿದ್ವಿ. ಅಮ್ಮ ಸೊಂಟದ ಚೀಲದಿಂದ ತಮ್ಮದನ್ನ ಟಪ್ ಅಂತ ತೆಗೆದು ಕೊಟ್ಟು ಮುಂದೆ ಹೋಗಿ ನಿಂತ್ರು. 1ಕ್ಕೆ ಬೆಳಗ್ಗೆ ಮನೆ, ಮಧ್ಯಾಹ್ನ ಕಾರು ತೊಳೆದು ಬೂದುಗುಂಬಳಕಾಯಿ ಒಡೆದಿದ್ದೂ ಆಯ್ತು.

ನಿನ್ನೆ ರಾತ್ರಿ ಊಟ ಮಾಡ್ತಾ ಅಮ್ಮ ಕೇಳಿದ್ರು, ಆ ಕರು ಹಾಕೋ ಜಾಗ ಅಂದಿದ್ದಲ್ಲ, ಅದಕ್ಕೆ ಯಾವಾಗ ಹೋಗ್ಬೇಕು ಅಂತ. ಫೆಬ್ರವರಿ ಅಂದೆ. ಹೆಂಡತಿ ತಟ್ಟೆಯಿಂದ ತಲೆ ಎತ್ತದೆ, ಫೆಬ್ರವರಿಲಿ ಪ್ರಿಪರೇಟರಿ ಎಕ್ಸಾಮ್, ಒಂದು ದಿನಾನೂ ರಜೆ ಸಿಗಲ್ಲ ಅಂದ್ಲು. ನಂಗೂ ಮಾರ್ಚ್ ಮುಗಿಯೋ ತನಕ ಆಫೀಸಲ್ಲಿ ಆಗಲ್ಲಮ್ಮ ಅಂದೆ. ಅಮ್ಮ ಮಜ್ಜಿಗೆ ಬಡಿಸ್ಕೊಂಡು, "ನೀವಿಬ್ರೂ ಬರದಿದ್ರೆ ಬಿಡಿ, ನನ್ನ ಹಳದಿ ಕಾರ್ಡು ಜೀವ ಇರೋ ತನಕ ನಡೀತೈತಲ್ಲ" ಅಂದ್ರು.